ಹತ್ತು ಸೆಕೆಂಡಿನ ಶಾಸ್ತ್ರ

ಮನೆಗೆ ಬೀಗ ಹಾಕಿ, ಅದನ್ನು ಮೂರು ಸಲ ಜಗ್ಗಿ ನೋಡದೆ ಮೆಟ್ಟಿಲಿಳಿಯದವರು ನಮ್ಮಲ್ಲಿ ಎಷ್ಟೋ ಜನ. ಬೀಗಕ್ಕೆ ಒಂದು ಸಲ ಸಾಕು, ಉಳಿದೆರಡು ಮನಸ್ಸಿಗೆ. ಇಂಥವರು ಪುರುಸೊತ್ತು ಮಾಡಿಕೊಂಡು ಬ್ಯಾಸ್ಕೆಟ್‌ಬಾಲ್ ನೋಡಬೇಕು, ಅದರಲ್ಲೂ ಫ್ರೀ ಥ್ರೋ ನೋಡಬೇಕು. ಕುಲಬಾಂಧವರೆಲ್ಲ ಅಲ್ಲೇ ಸಿಗುತ್ತಾರೆ.

ಉಳಿದ ಹೊತ್ತೆಲ್ಲ ಅದು ನೂಕುನುಗ್ಗಲಿನ ಆಟ. ಫೌಲ್ ಆದಾಗ ಮಾತ್ರ ಎಲ್ಲವೂ ನಿಲ್ಲುತ್ತದೆ. ಪೆಟ್ಟು ತಿಂದವನು ಬೋರ್ಡಿನಿಂದ 15 ಅಡಿ ದೂರದ ಗೆರೆಯ ಹಿಂದೆ ಒಬ್ಬನೇ ನಿಲ್ಲುತ್ತಾನೆ. ಅಡ್ಡ ಬರುವವರಿಲ್ಲ, ಮೈಮೇಲೆ ಬೀಳುವವರಿಲ್ಲ. ರಿಂಗು 10 ಅಡಿ ಎತ್ತರದಲ್ಲಿ, 18 ಅಂಗುಲ ಅಗಲ; ಚೆಂಡಿನ ಗಾತ್ರ ಅದರ ಅರ್ಧಕ್ಕಿಂತ ಕೂದಲೆಳೆ ಹೆಚ್ಚು. ಹುಡುಗನಾಗಿದ್ದಾಗಿನಿಂದ ಎಸೆದೂ ಎಸೆದೂ ಸವೆದುಹೋದ ಎಸೆತ. ಇಷ್ಟು ಅನುಕೂಲ ಒದಗಿದ ಮೇಲೆಯೇ ಕೈ ಬೆವರಲು ಶುರುವಾಗುವುದು. ತಪ್ಪಿದರೆ ದೂರಲು ಯಾರೂ ಇಲ್ಲವಲ್ಲ!

ಹಿಂದೆ ಇದಕ್ಕೂ ಒಂದು ದಾರಿಯಿತ್ತು. ಫೌಲ್ ತಿಂದವನೊಬ್ಬ, ಎಸೆಯುವವನು ಇನ್ನೊಬ್ಬ ಎಂಬ ಏರ್ಪಾಟು. ತಂಡದಲ್ಲಿ ಗುರಿಕಾರನೊಬ್ಬನಿದ್ದರೆ ಎಲ್ಲರ ಪಾಲಿನದನ್ನೂ ಅವನೇ ಎಸೆಯುತ್ತಿದ್ದ. 1923-24ರ ಹೊತ್ತಿಗೆ ಆ ಸವಲತ್ತು ತಪ್ಪಿತು. ಪೆಟ್ಟು ತಿಂದವನೇ ಎಸೆಯಬೇಕೆಂದಾಯಿತು. ಶಾಸ್ತ್ರಗಳ ಸುಗ್ಗಿ ಆಮೇಲಿನದೇ ಇರಬೇಕೆಂದು ನನ್ನ ಗುಮಾನಿ.

ಜೆಫ್ ಹಾರ್ನಾಸೆಕ್ ಎಸೆಯುವ ಮುಂಚೆ ಕೆನ್ನೆ ಸವರಿಕೊಳ್ಳುತ್ತಿದ್ದ. ಟಿವಿ ಮುಂದೆ ಕೂತ ಮಕ್ಕಳಿಗೆ ಅದು ಅಪ್ಪನ ನಮಸ್ಕಾರ. ಜೇಸನ್ ಕಿಡ್ ಗಾಳಿಯಲ್ಲಿ ಮುತ್ತು ತೇಲಿಬಿಡುತ್ತಿದ್ದ. ಗಿಲ್ಬರ್ಟ್ ಅರೀನಾಸ್ ಚೆಂಡನ್ನು ಸೊಂಟದ ಸುತ್ತ ಮೂರು ಸುತ್ತು ಸುತ್ತಿಸುತ್ತಿದ್ದ, ದೃಷ್ಟಿ ತೆಗೆದಂತೆ. ಕಾರ್ಲ್ ಮಲೋನ್ ಅಂತೂ ಚೆಂಡು ಹಿಡಿದು ತುಟಿಯಲ್ಲೇ ಏನೋ ಮಣಮಣ ಅಂದುಕೊಳ್ಳುತ್ತ ನಿಂತುಬಿಡುತ್ತಿದ್ದ. ಎದುರಾಳಿ ಊರಿನವರು ಎಣಿಸಿ ಎಣಿಸಿ ಗೇಲಿ ಮಾಡುತ್ತಿದ್ದರು. ಅವನ ಖಾತೆಯಲ್ಲಿ ಬಿದ್ದ ಫ್ರೀ ಥ್ರೋ 9,787. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಇನ್ನೂ ಯಾರೂ ಅದನ್ನು ದಾಟಿಲ್ಲ.

ನಿಯಮಕ್ಕೆ ಈ ಸವರುವಿಕೆ, ಸುತ್ತುವಿಕೆ ಯಾವುದೂ ಬೇಡ. ಅದು ನೋಡುವುದು ಗಡಿಯಾರವನ್ನೂ ಗೆರೆಯನ್ನೂ. ಚೆಂಡು ಕೈಗೆ ಬಂದ ಮೇಲೆ ಎನ್‌ಬಿಎಯಲ್ಲಿ 10 ಸೆಕೆಂಡು. ಅಷ್ಟರೊಳಗೆ ಮಂತ್ರ ಮುಗಿಯಬೇಕು. ಚೆಂಡು ರಿಂಗನ್ನು ಮುಟ್ಟುವವರೆಗೆ ಗೆರೆ ದಾಟುವಂತಿಲ್ಲ. ಎಸೆದಂತೆ ಮಾಡಿ ಎಸೆಯದೆ ನಿಲ್ಲುವಂತೆಯೂ ಇಲ್ಲ. ಪಕ್ಕದಲ್ಲಿ ಸಾಲುಗಟ್ಟಿದ ಆಟಗಾರರು ಅವನ ಗಮನ ಕೆಡಿಸಬಾರದು. ಆದರೆ ರಿಂಗಿನ ಹಿಂದೆ ಕೂತು ಬಲೂನು ಆಡಿಸುತ್ತ ಕಿರುಚುವ ಸಾವಿರಾರು ಪ್ರೇಕ್ಷಕರಿಗೆ ಈ ಕಟ್ಟಳೆ ಇಲ್ಲ. ಅವರು ದುಡ್ಡು ಕೊಟ್ಟು ಬಂದವರು. ಸ್ಟೀವ್ ನ್ಯಾಶ್ ಇದರಲ್ಲಿ ಜಾಣ. ಚೆಂಡು ಕೈಗೆ ಬರುವ ಮೊದಲೇ ಬರಿಗೈಯಲ್ಲಿ ಎಸೆದು ನೋಡಿ ಶಾಸ್ತ್ರ ಮುಗಿಸಿಬಿಡುತ್ತಿದ್ದ. ಬರಿಗೈಗೆ ಯಾವ ಗಡಿಯಾರವೂ ಓಡುವುದಿಲ್ಲ.

ಈ ಜಾಣತನ ಯಾನಿಸ್ ಆಂಟೆಟೊಕೂಂಪೊಗೆ ಒಲಿಯಲಿಲ್ಲ. 2021ರ ಪ್ಲೇಆಫ್‌ನಲ್ಲಿ ಮಿಲ್ವಾಕಿ ತಂಡದ ಈ ದೈತ್ಯ ಗೆರೆಯ ಬಳಿ ನಿಂತು, ಉಸಿರೆಳೆದು, ಪುಟಿಸಿ, ಮತ್ತೆ ಪುಟಿಸಿ, ಎಸೆಯುವ ಹೊತ್ತಿಗೆ ಪರವೂರಿನ ಕ್ರೀಡಾಂಗಣವಿಡೀ ಒಂದು, ಎರಡು, ಮೂರು ಎಂದು ಕೂಗುತ್ತಿತ್ತು. ಜನರ ಗಡಿಯಾರ ಯಾವಾಗಲೂ ಮುಂದೆ ಓಡುತ್ತದೆ. ರೆಫರಿಯ ಗಡಿಯಾರಕ್ಕೆ ಅಷ್ಟು ಆತುರವಿಲ್ಲ. ಆದರೂ ಅವಧಿ ಮೀರಿತೆಂದು ಅವನ ಎಸೆತ ರದ್ದಾದದ್ದೂ ಉಂಟು. ಎಸೆದದ್ದರಲ್ಲಿ ನೂರಕ್ಕೆ ಅರವತ್ತೂ ಬೀಳುತ್ತಿರಲಿಲ್ಲ. ಹೀಗಿದ್ದವನು ಫೈನಲ್ಸ್‌ನ ಆರನೇ ಪಂದ್ಯದಲ್ಲಿ, ಸ್ವಂತ ಊರಿನಲ್ಲಿ, 19ರಲ್ಲಿ 17 ಹಾಕಿದ. ಒಟ್ಟು 50 ಅಂಕ. 1971ರ ನಂತರ ಮಿಲ್ವಾಕಿಗೆ ಮೊದಲ ಕಿರೀಟ. ಶಾಸ್ತ್ರ ಅದೇ, ಎಣಿಸುವವರಿರಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ ನನಗೆ ಇನ್ನೂ ಅರಗಿಲ್ಲ. ರಿಕ್ ಬ್ಯಾರಿ ಎರಡೂ ಕೈಯಲ್ಲಿ ಚೆಂಡು ಹಿಡಿದು, ಮೊಣಕಾಲಿನ ಮಟ್ಟದಿಂದ ಮೇಲಕ್ಕೆ ತೂರಿ, ನೂರಕ್ಕೆ ಹತ್ತಿರ ಹತ್ತಿರ ತೊಂಬತ್ತು ಹಾಕುತ್ತಿದ್ದ. ನೋಡಲು ಬಿಂದಿಗೆ ನೀರು ಎರಚಿದ ಹಾಗೆ. ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದಾಗ ಫ್ರೀ ಥ್ರೋ ಎಸೆದದ್ದೂ ಹೀಗೆಯೇ, 32ರಲ್ಲಿ 28. ಆಮೇಲೆ ಹೆಣ್ಣಿಗನ ಹಾಗೆ ಕಾಣುತ್ತೇನೆಂಬ ನಾಚಿಕೆಗೆ ಆ ಪದ್ಧತಿಯನ್ನೇ ಬಿಟ್ಟ. ಲೆಕ್ಕ ಪಾತಾಳ ಕಂಡಿತು. ಕೆನ್ನೆ ಸವರಬಹುದು, ಮುತ್ತು ತೇಲಿಸಬಹುದು, ಸೊಂಟ ಸುತ್ತಿಸಬಹುದು. ಬೀಳುವ ಹಾಗೆ ಎಸೆಯಲು ಮಾತ್ರ ಸಂಕೋಚ! ಗಂಡಸರ ಮರ್ಯಾದೆಯ ಲೆಕ್ಕ ಯಾವ ರೆಫರಿಗೂ ತಿಳಿಯದು.

ನನ್ನ ಮೆಚ್ಚಿನವರು ಮಾತ್ರ ಟಾಮ್ ಆಂಬೆರಿ. ಕಾಲಿನ ವೈದ್ಯರಾಗಿ ನಿವೃತ್ತರಾದ ಅಜ್ಜ. 1993ರಲ್ಲಿ, 71ರ ವಯಸ್ಸಿನಲ್ಲಿ, 2,750 ಫ್ರೀ ಥ್ರೋಗಳನ್ನು ಒಂದೂ ತಪ್ಪದೆ ಸಾಲಾಗಿ ಹಾಕಿದರು. ಹನ್ನೆರಡು ಗಂಟೆ ಹಿಡಿಯಿತು. ಅವರ ಶಾಸ್ತ್ರವೂ ಸರಳ. ಚೆಂಡಿಗೆ ಗಾಳಿ ತುಂಬುವ ಪುಟ್ಟ ತೂತು ತಮ್ಮ ಕಣ್ಣಿಗೆ ಕಾಣುವಂತೆ ಹಿಡಿದು, ಮೂರು ಸಲ ಪುಟಿಸಿ, ಎಸೆಯುವುದು. ತೂತು ನೋಡುವಾಗ ಬೇರೇನೂ ತಲೆಗೆ ಬರಬಾರದು. ಕೊನೆಗೂ ಅವರು ನಿಲ್ಲಿಸಿದ್ದು ತಪ್ಪಿದ್ದರಿಂದಲ್ಲ, ಜಿಮ್ ಮುಚ್ಚುವ ಹೊತ್ತಾದದ್ದರಿಂದ.

ನೀವೂ ಪಂದ್ಯಕ್ಕೆ ಹೋದರೆ ಎಣಿಸಿ ನೋಡಿ, ಆದರೆ ಮನಸ್ಸಿನಲ್ಲೇ. ಎನ್‌ಬಿಎ ಆದರೆ ಹತ್ತರವರೆಗೆ ಹೋಗಬಹುದು. ನಮ್ಮ ಕಂಠೀರವ ಕ್ರೀಡಾಂಗಣದಲ್ಲಾದರೆ ಐದಕ್ಕೇ ನಿಲ್ಲಿಸಿ; ಅಂತರರಾಷ್ಟ್ರೀಯ ನಿಯಮ ಕೊಡುವುದು ಅಷ್ಟೇ.