ಶಕಟಸ್ತಂಭನ ಮೀಮಾಂಸೆ

ಮಂಗಳಾಚರಣೆ

ಗ್ರಂಥ ನಿರ್ವಿಘ್ನವಾಗಿ ಮುಗಿಯಲೆಂದು ಹಿಂದಿನ ಪಂಡಿತರು ಮೊದಲು ವಿಘ್ನೇಶ್ವರನನ್ನು ನೆನೆಯುತ್ತಿದ್ದರು. ಈ ಗ್ರಂಥಕ್ಕೆ ವಿಘ್ನವೇ ವಿಷಯವಾದ್ದರಿಂದ, ನಮಸ್ಕಾರ ಬೋರ್‌ಘಾಟಿನ ಶಿಂಗ್ರೋಬಾನಿಗೆ ಸಲ್ಲುತ್ತದೆ. ಘಟ್ಟ ಇಳಿಯುವ ದಾರಿಯನ್ನು ಇಂಗ್ಲಿಷರಿಗೆ ತೋರಿಸಿಕೊಟ್ಟು, ಆ ತಪ್ಪಿಗೇ ಪ್ರಾಣ ತೆತ್ತ ಧನಗರನೆಂದು ಜನ ಹೇಳುವ ಈತನಿಗೆ ಹಳೆಯ ಮುಂಬಯಿ-ಪುಣೆ ರಸ್ತೆಯಲ್ಲಿ ಗುಡಿಯಿದೆ. ಲಾರಿಯವರು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅಲ್ಲಿಗೆ ನಾಣ್ಯ ಎಸೆಯುತ್ತಾರೆ. ಎಸೆದ ಮೇಲೂ ಗಾಡಿ ನಿಂತರೆ ಏನು ಮಾಡಬೇಕೆಂಬುದು ಈ ಶಾಸ್ತ್ರದ ವಿಷಯ.

ಲಕ್ಷಣ

ಹಳೆಯ ಲಾರಿ ಎಂದರೇನು? ಕೆಮ್ಮಿ ಮಾತಾಡುವುದು ಹಳೆಯದು, ಕಂಪ್ಯೂಟರಿನಲ್ಲಿ ಮಾತಾಡುವುದು ಹೊಸದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳು ತಮ್ಮ ಕಾಯಿಲೆಯನ್ನು ತಾವೇ ಸಂಕೇತದಲ್ಲಿ ಬರೆದು ತೋರಿಸುತ್ತವೆ; ಅಲ್ಲಿ ಪಂಡಿತರಿಗೆ ಅನ್ನವಿಲ್ಲ. ಹಳೆಯ ಲಾರಿಗಳಿಗೆ ಗೋತ್ರವೂ ಉಂಟು. 1954ರಲ್ಲಿ ಜಮ್ಶೆಡ್‌ಪುರದ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಸಂಬಂಧ ಬೆಳೆಸಿತು. ಹದಿನೈದು ವರ್ಷದ ಆ ಒಪ್ಪಂದ 1969ರಲ್ಲಿ ಮುಗಿದು, ಮೂಗಿನ ಮೇಲಿನ ಮೂರು ಮೂಲೆಯ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಆ ವಂಶದ ಗಾಡಿಗಳಲ್ಲಿ ಎಂಜಿನ್ ಒಮ್ಮೆ ಓಡತೊಡಗಿದರೆ ಅದಕ್ಕೆ ಕರೆಂಟಿನ ಹಂಗಿರಲಿಲ್ಲ. ನಿಲ್ಲಿಸುವುದಕ್ಕೂ ಡ್ಯಾಶ್‌ಬೋರ್ಡಿನ ತಂತಿಯನ್ನು ಕೈಯಿಂದ ಎಳೆಯಬೇಕಿತ್ತು. ಈ ಅಂಶವನ್ನು ಓದುಗರು ಗಂಟು ಹಾಕಿಕೊಳ್ಳಬೇಕು. ಮುಂದೆ ಒಂದು ಪಂಥವೇ ಇದರಿಂದ ಮುಗ್ಗರಿಸಲಿದೆ.

ನೀರಲ್ಲಿ ಮುಳುಗಿ ನಿಂತ ಗಾಡಿ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ನಿಂತ ಗಾಡಿಗಳಿಗೆ ನಿದಾನದ ಅಗತ್ಯವಿರಲಿಲ್ಲ, ದೋಣಿಯ ಅಗತ್ಯವಿತ್ತು. ಅಂಥ ಗಾಡಿಗೆ ಒಂದೇ ವಿಧಿ: ಸೆಲ್ಫ್ ಹೊಡೆಯಬಾರದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡು ಬಾಗುತ್ತದೆ.

ದೃಷ್ಟಾಂತ

ನೈಯಾಯಿಕರಿಗೆ ಮಡಕೆ ಹೇಗೋ ಹಾಗೆ ನಮಗೂ ಒಂದು ಕಲ್ಪಿತ ವಸ್ತು ಬೇಕು. ವಿಜಯಪುರ ಜಿಲ್ಲೆಯ ಇಂಡಿಯಿಂದ ನಿಂಬೆಹಣ್ಣಿನ ಗೋಣಿಚೀಲ ಹೇರಿಕೊಂಡು, ಸೊಲ್ಲಾಪುರ, ಪುಣೆ ದಾಟಿ ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಹೊರಟ ಆರು ಗಾಲಿಯ ಲಾರಿ ಎಂದಿಟ್ಟುಕೊಳ್ಳೋಣ. ಜುಲೈ ತಿಂಗಳು, ಬೆಳಗಿನ ಜಾವ. ಪನವೇಲ್‌ನಲ್ಲಿ ಒಮ್ಮೆ ನಿಂತಿತು. ಚಹಾ ಕುಡಿದು ಬಂದಮೇಲೆ ತಾನಾಗಿ ಹೊರಟಿತು. ಸಾಯನ್-ಪನವೇಲ್ ಹೆದ್ದಾರಿಯಲ್ಲಿ ತುರ್ಭೆಯ ಹತ್ತಿರ, ಮಾರುಕಟ್ಟೆ ಇನ್ನೇನು ಸಿಕ್ಕಿತು ಎನ್ನುವಾಗ ಮತ್ತೆ ನಿಂತಿತು. ಈ ಸಲ ಏಳಲಿಲ್ಲ.

“ಲೇ, ಡೀಸೆಲ್ ಅದ ಏನ್ ನೋಡು,” ಎಂದ ಡ್ರೈವರ್.

“ಅರ್ಧ ಟಾಕಿ ಅದರಿ ಕಾಕಾ,” ಎಂದ ಕ್ಲೀನರ್ ಹುಡುಗ.

“ಹಂಗಾದ್ರ ಯಾಕ ನಿಂತದ?”

ಬ್ರಹ್ಮಜಿಜ್ಞಾಸೆಯಂತೆ ಲಾರಿಜಿಜ್ಞಾಸೆಯೂ ಒಂದು ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಹಿಂದೆ ನಿಂತ ವಾಹನಗಳು ಹಾರ್ನಿನಲ್ಲಿ ಅದನ್ನೇ ಕೇಳುತ್ತಿದ್ದವು. ಲಾರಿಗಳ ಬೆನ್ನಿನ ಮೇಲಿನ ‘ಹಾರ್ನ್ ಓಕೆ ಪ್ಲೀಸ್’ ಎಂಬ ಶಾಸನವನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ನಿಷೇಧಿಸಿದ್ದು ನಿಜ. ಅಷ್ಟರಲ್ಲಿ ಓದುಗರು ಪಾಠವನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಪೂರ್ವಪಕ್ಷ

ಮುಂಬಯಿಯಲ್ಲಿ ನಿಂತ ಲಾರಿಯ ಸುತ್ತ ಹತ್ತು ನಿಮಿಷದಲ್ಲಿ ನಾಲ್ಕು ಪಂಥಗಳು ಕೂಡುತ್ತವೆ.

ಮೊದಲನೆಯದು ನಿಂಬೆ ಪಂಥ. ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಒಂದು ಇದ್ದಿಲ ಚೂರು ಪೋಣಿಸಿದ ಸರವನ್ನು ಶನಿವಾರ ಶನಿವಾರ ಬದಲಿಸಿದರೆ ದೃಷ್ಟಿ ತಾಗುವುದಿಲ್ಲವೆಂದು ಇವರ ವಾದ. ನಗರದ ಅಂಗಡಿ, ಟ್ಯಾಕ್ಸಿಗಳಲ್ಲಿ ಈ ಪಂಥಕ್ಕೆ ಭಾರೀ ಬಲವಿದೆ. ನಮ್ಮ ದೃಷ್ಟಾಂತದ ಲಾರಿ ಹೊತ್ತದ್ದೇ ಲಾರಿ ತುಂಬ ನಿಂಬೆ ಎಂದು ತಿಳಿದಾಗ ಪಂಥದವರು ಕೊಂಚ ಹೊತ್ತು ಮೌನವಾದರು. ಆಮೇಲೆ ಮೆಣಸಿನಕಾಯಿ ಇಲ್ಲದ್ದೇ ದೋಷವೆಂದು ಸಾರಿದರು.

ಎರಡನೆಯದು ಬ್ಯಾಟರಿ ಪಂಥ. ಏನು ಕೆಟ್ಟರೂ ಇವರಿಗೆ ‘ಬ್ಯಾಟರಿ ಡೌನ್’. ಓಡುತ್ತಿದ್ದ ಹಳೆಯ ಡೀಸೆಲ್ ಎಂಜಿನ್ನಿಗೆ ಬ್ಯಾಟರಿ ಬೇಕಾಗಿಯೇ ಇಲ್ಲ, ಹಾಗಾಗಿ ನಿಂತದ್ದಕ್ಕೆ ಬ್ಯಾಟರಿ ಕಾರಣವಾಗದು ಎಂದು ಆಗಲೇ ಗಂಟು ಹಾಕಿಕೊಂಡವರು ನಗಬಹುದು. ಆದರೆ ಅರ್ಧ ಗಂಟೆ ಎಡೆಬಿಡದೆ ಸೆಲ್ಫ್ ಹೊಡೆದ ಮೇಲೆ ಇವರ ಮಾತು ನಿಜವಾಗುತ್ತದೆ. ಪೂರ್ತಿ ಚಾರ್ಜಾದ ಹನ್ನೆರಡು ವೋಲ್ಟಿನ ಬ್ಯಾಟರಿ ಮೀಟರಿನಲ್ಲಿ 12.6ರ ಆಸುಪಾಸು ತೋರಿಸುತ್ತದೆ. 12ಕ್ಕೆ ಇಳಿದರೆ ಹೆಚ್ಚೂಕಡಿಮೆ ಬರಿದಾಯಿತೆಂದೇ ಅರ್ಥ. ತನ್ನ ಸಿದ್ಧಾಂತಕ್ಕೆ ತಾನೇ ಪುರಾವೆ ತಯಾರಿಸಿಕೊಳ್ಳುವ ಪಂಥ ಲೋಕದಲ್ಲಿ ಇದೊಂದೇ ಅಲ್ಲ.

ಮೂರನೆಯದು ಧಕ್ಕಾ ಪಂಥ. ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ, ನಾಲ್ಕು ಜನ ತಳ್ಳಿ, ವೇಗ ಬಂದಾಗ ಕ್ಲಚ್ ಬಿಡುವುದು ಇವರ ಸಾಧನಾಮಾರ್ಗ. ಟನ್ನುಗಟ್ಟಲೆ ಹೇರಿದ ಲಾರಿಯ ಎದುರು ಇವರ ಉತ್ಸಾಹ ಕುಗ್ಗುತ್ತದೆ.

ನಾಲ್ಕನೆಯದು ಪಂಪ್ ಪಂಥ. ಬೋನೆಟ್ ಎತ್ತುವ ಮೊದಲೇ ಇವರು “ಪಂಪ್ ಗಯಾ” ಎನ್ನುತ್ತಾರೆ. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ಹೆಸರು ಡೀಸೆಲ್ ಪಂಪಿಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ಹಳಬರ ಬಾಯಲ್ಲಿ ಅದು ಮೈಕೊ ಪಂಪೇ. ಒಳಗಿನ ಬಿಡಿಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದು. ಅದನ್ನು ಬಿಚ್ಚಿದರೆ ಟೆಸ್ಟ್ ಬೆಂಚಿಗೆ ಹಾಕದೆ ಮತ್ತೆ ಕೂರಿಸುವಂತಿಲ್ಲ. ಖರ್ಚು ಹೆಚ್ಚಿದಷ್ಟೂ ವಾದಕ್ಕೆ ಗೌರವ ಹೆಚ್ಚು ಎಂಬ ನಿಯಮದಂತೆ ಈ ಪಂಥದವರ ಮಾತನ್ನು ಎಲ್ಲರೂ ತಲೆತಗ್ಗಿಸಿ ಕೇಳುತ್ತಾರೆ.

ಷಟ್‌ಪ್ರಮಾಣ ಪರೀಕ್ಷೆ

ಪಂಥಗಳ ಗದ್ದಲದಿಂದ ಪಾರಾಗಲು ಭಾಟ್ಟ ಮೀಮಾಂಸಕರು ಒಪ್ಪಿದ ಆರು ಪ್ರಮಾಣಗಳನ್ನು ಒಂದೊಂದಾಗಿ ಲಾರಿಗೆ ಹಚ್ಚೋಣ.

ಪ್ರತ್ಯಕ್ಷ. ಕಣ್ಣಿಗೆ ಕಾಣುವುದನ್ನು ಮಾತ್ರ ನಂಬುವ ಚಾರ್ವಾಕನೊಬ್ಬ ಲಾರಿಯ ಅಡಿಗೆ ತೂರಿ, ಪೈಪುಗಳೆಲ್ಲ ಒಣಗಿವೆ, ಎಲ್ಲೂ ಸೋರಿಕೆ ಇಲ್ಲ ಎಂದು ಘೋಷಿಸಿದ. ಅವನಿಗೆ ತಿಳಿಯದ ಸೂಕ್ಷ್ಮವೊಂದಿದೆ. ಟಾಕಿಯಿಂದ ಫೀಡ್ ಪಂಪಿನವರೆಗಿನ ಪೈಪು ಹೀರುವ ಪೈಪು. ಅದು ಸೀಳಿದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ‘ಗಾಡಿ ಏರ್ ತಗೊಂಡಿದೆ’. ಒಣಗಿದ ಪೈಪು ನಿರ್ದೋಷಿ ಎನ್ನುವಂತಿಲ್ಲ.

ಶಬ್ದ. ಶಾಸ್ತ್ರದಲ್ಲಿ ಶಬ್ದವೆಂದರೆ ಆಪ್ತವಾಕ್ಯ. ಇಲ್ಲಿ ನಿಜವಾದ ಸದ್ದು. ಕೀಲಿ ತಿರುವಿದಾಗ ‘ಟಕ್’ ಎಂದು ಒಮ್ಮೆ ಹೇಳಿ ಸುಮ್ಮನಾದರೆ ಸೆಲ್ಫಿನ ಸೊಲೆನಾಯ್ಡ್ ಅಥವಾ ಟರ್ಮಿನಲ್ ಸಂಶಯ. ‘ಟಕಟಕಟಕ’ ಎಂದರೆ ಬ್ಯಾಟರಿ ಸೋತಿದೆ. ‘ಗುರ್‍ರ್’ ಎಂದು ಸೆಲ್ಫ್ ತಾನೊಂದೇ ತಿರುಗಿ ಎಂಜಿನ್ ಅಲುಗದಿದ್ದರೆ ಅದರ ಹಲ್ಲು ಫ್ಲೈವೀಲಿಗೆ ಕಚ್ಚಿಲ್ಲ. ನಮ್ಮ ಲಾರಿಯ ಎಂಜಿನ್ ಮೊದಮೊದಲು ಚೆನ್ನಾಗಿಯೇ ತಿರುಗಿತ್ತು. ಆದ್ದರಿಂದ ರೋಗ ಎರಡು ಎಂದು ಸಿದ್ಧವಾಯಿತು: ನಿಂತದ್ದು ಹಳೆಯದು, ಬ್ಯಾಟರಿ ಇಳಿದದ್ದು ಕೈಯಾರೆ ಮಾಡಿಕೊಂಡದ್ದು.

ಉಪಮಾನ. ಹಸುವನ್ನು ಬಲ್ಲವನು ಕಾಡಿನಲ್ಲಿ ಗವಯವನ್ನು ಗುರುತಿಸುವಂತೆ, ಪಕ್ಕಕ್ಕೆ ಬಂದು ನಿಂತ ರಿಕ್ಷಾವಾಲ ತನ್ನ ಸಿಎನ್‌ಜಿ ರಿಕ್ಷಾವನ್ನು ನೆನೆದು, “ಪ್ಲಗ್ ಸಾಫ್ ಕರೋ” ಎಂದ. ಇದು ಉಪಮಾನಾಭಾಸ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. ರುಡಾಲ್ಫ್ ಡೀಸೆಲ್ 1897ರ ಹೊತ್ತಿಗೆ ಓಡಿಸಿ ತೋರಿಸಿದ ಎಂಜಿನ್ನಿನ ಗುಟ್ಟೇ ಅದು: ಗಾಳಿಯನ್ನು ಹದಿನಾರು, ಹದಿನೇಳು ಪಾಲು ಅದುಮಿದರೆ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ, ಅದರೊಳಕ್ಕೆ ಚಿಮ್ಮಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ.

ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎಂದು ತರ್ಕಶಾಸ್ತ್ರದ ಮಕ್ಕಳೂ ಬಲ್ಲರು. ಲಾರಿಯ ತರ್ಕ ಇನ್ನೂ ನವಿರು. ಇಲ್ಲಿ ಹೊಗೆಗೆ ಬಣ್ಣವಿದೆ. ಕಪ್ಪು ಹೊಗೆಯಾದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ನೋಡಬೇಕು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ತಲುಪಿದೆ, ಹೊತ್ತಿಕೊಳ್ಳುತ್ತಿಲ್ಲ.

ಅನುಪಲಬ್ಧಿ. ಇಲ್ಲದಿರುವುದರಿಂದ ಹುಟ್ಟುವ ಜ್ಞಾನ. ನಮ್ಮ ಲಾರಿಯಿಂದ ಯಾವ ಬಣ್ಣದ ಹೊಗೆಯೂ ಬರಲಿಲ್ಲ. ಹೊಗೆ ಇಲ್ಲವೆಂದರೆ ಸಿಲಿಂಡರಿಗೆ ಡೀಸೆಲ್ಲೇ ಮುಟ್ಟಿಲ್ಲ. ಅರ್ಧ ಗಂಟೆಯ ವಾಗ್ವಾದ ಮಾಡಲಾಗದ್ದನ್ನು ಸೈಲೆನ್ಸರಿನ ಮೌನ ಕ್ಷಣದಲ್ಲಿ ಮಾಡಿತು.

ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಿರಲೇಬೇಕು. ಲಾರಿಯಲ್ಲಿ ದೇವದತ್ತ ತಿರುವುಮುರುವು: ಟಾಕಿಯಲ್ಲಿ ಅರ್ಧ ಡೀಸೆಲ್ ಇದ್ದೂ ಎಂಜಿನ್ ಉಪವಾಸ. ನಡುವೆ ಯಾರೋ ಅಡ್ಡ ನಿಂತಿರಲೇಬೇಕು. ಅದು ಫಿಲ್ಟರ್ ಕಟ್ಟಿರುವುದೋ, ರಬ್ಬರ್ ಪೈಪಿನ ಒಳಪದರ ಕಿತ್ತು ಬಾಯಿ ಮುಚ್ಚಿರುವುದೋ, ಗಾಳಿ ಹೊಕ್ಕಿರುವುದೋ ಎಂದು ಮಾತ್ರ ತಿಳಿಯಬೇಕು.

ಸಿದ್ಧಾಂತ

ಅಷ್ಟರಲ್ಲಿ ಮಿಸ್ತ್ರಿ ಬಂದ. ಯಾರ ಪಕ್ಷವನ್ನೂ ಕೇಳಲಿಲ್ಲ. ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪು ಒತ್ತಿದ. ಗಾಳಿ ಹೊಕ್ಕಿದ್ದರೆ ನೊರೆ ಬರಬೇಕು, ನೊರೆ ನಿಂತು ಅಚ್ಚ ಡೀಸೆಲ್ ಬಂದಾಗ ಸ್ಕ್ರೂ ಬಿಗಿಯಬೇಕು. ಇಲ್ಲಿ ನೊರೆಯೂ ಇಲ್ಲ, ಡೀಸೆಲ್ಲೂ ಇಲ್ಲ. ಪಂಪು ಮೇಲೆಳೆಯಲು ಬಿಗಿ, ಕೆಳಗಿನಿಂದ ಯಾರೋ ಹಿಡಿದುಕೊಂಡಂತೆ.

ಆತ ಎದ್ದು ಟಾಕಿಯ ಮುಚ್ಚಳ ತಿರುವಿದ. ಉಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು.

ಮುಚ್ಚಳದ ಕೆಳಗೆ ಮಡಚಿ ಇಟ್ಟ ಪ್ಲಾಸ್ಟಿಕ್ ಹಾಳೆಯೊಂದು ಸಿಕ್ಕಿತು. ಕ್ಲೀನರ್ ಹುಡುಗ ತಲೆ ತುರಿಸಿಕೊಂಡ: “ಪುಣೆ ದಾಟಿದ ಮ್ಯಾಲ ಮಳಿ ಹತ್ತಿತಲ್ರಿ ಕಾಕಾ, ಟಾಕ್ಯಾಗ ನೀರ ಹೋಗಬಾರದಂತ ನಾನ ಇಟ್ಟೀನ್ರಿ.”

ಡೀಸೆಲ್ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬರದಿದ್ದರೆ ಟಾಕಿಯೊಳಗೆ ನಿರ್ವಾತ ಬೆಳೆದು ಡೀಸೆಲ್ಲನ್ನು ಹಿಂದಕ್ಕೆ ಹಿಡಿದಿಡುತ್ತದೆ. ಗಾಳಿಗೆಂದೇ ಮುಚ್ಚಳದಲ್ಲಿ ಸಣ್ಣದೊಂದು ರಂಧ್ರವಿರುತ್ತದೆ. ಈ ಲಾರಿಯಲ್ಲಿ ಅದು ಎಷ್ಟೋ ವರ್ಷದ ಧೂಳು, ಜಿಡ್ಡಿನಿಂದ ಕಟ್ಟಿಹೋಗಿತ್ತು. ಸವೆದ ವಾಷರಿನ ಸಂದಿಯಿಂದಲೇ ಟಾಕಿ ಹೇಗೋ ಉಸಿರಾಡಿಕೊಂಡಿತ್ತು. ಪ್ಲಾಸ್ಟಿಕ್ ಹಾಳೆ ಆ ಸಂದಿಯನ್ನೂ ಮುಚ್ಚಿತು. ಪನವೇಲ್‌ನಲ್ಲಿ ಚಹಾ ಕುಡಿಯುವ ಹೊತ್ತಿಗೆ ಅಷ್ಟಿಷ್ಟು ಗಾಳಿ ಒಸರಿ ಒಳಹೋಗಿದ್ದರಿಂದ ಗಾಡಿ ಎದ್ದಿತ್ತು. ನಿಂತ ಗಾಡಿ ವಿಶ್ರಾಂತಿ ಪಡೆದು ತಾನೇ ಹೊರಟರೆ ಮೊದಲು ಮುಚ್ಚಳವನ್ನೇ ನೋಡಬೇಕೆಂಬ ಸೂತ್ರ ಇಲ್ಲಿಂದ ಹುಟ್ಟುತ್ತದೆ. ಕಾಸು ಖರ್ಚಿಲ್ಲದ ಈ ಪರೀಕ್ಷೆ ಎಲ್ಲಕ್ಕಿಂತ ಕೊನೆಗೆ ನಡೆದದ್ದೇಕೆ? ಟಾಕಿಯ ಮುಚ್ಚಳ ತೆಗೆದು ಪಂಡಿತ ಎನಿಸಿಕೊಂಡವರು ಈವರೆಗೆ ಯಾರೂ ಇಲ್ಲ.

ಉಪಸಂಹಾರ

ಬ್ಯಾಟರಿ ಬರಿದಾಗಿದ್ದರಿಂದ ಇನ್ನೊಂದು ಲಾರಿ ಹಗ್ಗ ಕಟ್ಟಿ ಎಳೆಯಿತು. ಧಕ್ಕಾ ಪಂಥಕ್ಕೆ ಸಮಾಧಾನಕರ ಬಹುಮಾನ ಸಿಕ್ಕಿತು. ಎಂಜಿನ್ ಎರಡು ಸಲ ಕೆಮ್ಮಿ, ಬಿಳಿ ಹೊಗೆ ಬಿಟ್ಟು ಹೊತ್ತಿಕೊಂಡಿತು. ನಿಂಬೆ ಪಂಥದವರು ದಕ್ಷಿಣೆಯಾಗಿ ತಲಾ ನಾಲ್ಕು ಹಣ್ಣು ಒಯ್ದರು. ಮುಚ್ಚಳದ ರಂಧ್ರವನ್ನು ಬಿಡಿಸಲು ಮಿಸ್ತ್ರಿಗೆ ಚೂಪಾದದ್ದೇನೋ ಬೇಕಾಯಿತು. ಕ್ಲೀನರ್ ಹುಡುಗ ಕ್ಯಾಬಿನ್ನಿಂದ ಗೋಣಿಚೀಲ ಹೊಲಿಯುವ ದಬ್ಬಳ ತಂದುಕೊಟ್ಟ. ಅದು ಇಂಡಿಯಿಂದಲೂ ಡ್ರೈವರನ ಸೀಟಿನ ಹಿಂದೆಯೇ ಇತ್ತು.