ಫೈಲೇ ಇಲ್ಲದ 47ನೇ ಸಾಲು

ಪ್ರೋಗ್ರಾಮರುಗಳಲ್ಲಿ ಎರಡು ಪಂಗಡ: ಕೋಡನ್ನು ಕೈಯಾರೆ ಬರೆಯುವವರು, ಕೋಡಿನ ಕೈಲೇ ಕೋಡ್ ಬರೆಸುವವರು. ಎರಡನೆಯವರು ಮಹಾ ಬುದ್ಧಿವಂತರು, ಎರರ್ ಬರುವ ತನಕ.

ಪೈಥಾನಿನಲ್ಲಿ ಒಂದು ಸ್ಟ್ರಿಂಗ್ ಕಟ್ಟಿ ಎಕ್ಸೆಕ್‌ಗೆ ಕೊಟ್ಟಿರೆನ್ನಿ. ಅದು ಎಡವಿದರೆ ಟ್ರೇಸ್‌ಬ್ಯಾಕ್ ಬಲು ಗಂಭೀರವಾಗಿ ಹೇಳುತ್ತದೆ: ಫೈಲ್ ‘ಸ್ಟ್ರಿಂಗ್’, ಸಾಲು 47. ಡಿಸ್ಕನ್ನೆಲ್ಲ ಜಾಲಾಡಿದರೂ ಆ ಫೈಲು ಸಿಗದು. ಅದು ಮೆಮೊರಿಯಲ್ಲೇ ಹುಟ್ಟಿ ಅಲ್ಲೇ ಮುಗಿದ ಜೀವ. ಕ್ರೋಮ್ ಇನ್ನೂ ಒಂದು ಕೈ ಮೇಲು. ಇವಾಲ್‌ನಿಂದ ಹುಟ್ಟಿದ ಜಾವಾಸ್ಕ್ರಿಪ್ಟಿಗೆ ‘ವಿಎಂ’ ಎಂದು ಶುರುವಾಗುವ ನಂಬರು ಅಂಟಿಸುತ್ತದೆ. ಪುಟ ರಿಫ್ರೆಶ್ ಮಾಡಿದರೆ ನಂಬರೂ ಬದಲಾದೀತು, ವಿಚಾರಣೆಗೆ ಕರೆದಾಗಲೆಲ್ಲ ಬೇರೆ ಹೆಸರು ಹೇಳುವ ಆಸಾಮಿಯ ಹಾಗೆ.

ಮದ್ದೇನೋ ಇದೆ: ಹುಟ್ಟಿಸಿದ ಕೋಡಿಗೆ ಹೆಸರಿಡಿ. ಜಾವಾಸ್ಕ್ರಿಪ್ಟಿನ ಕೊನೆಗೆ ಒಂದು ಸೋರ್ಸ್‌ಯುಆರ್‌ಎಲ್ ಕಾಮೆಂಟ್ ಸಾಕು. ಪೈಥಾನಿನ ಕಂಪೈಲ್ ಫಂಕ್ಷನ್ನಿನಲ್ಲಿ ಫೈಲಿನ ಹೆಸರಿಗೆಂದೇ ಜಾಗವಿದೆ. ಕೋಡಿನ ಸಾಲುಗಳನ್ನು ಲೈನ್‌ಕ್ಯಾಶ್‌ಗೂ ಸೇರಿಸಿಟ್ಟರೆ ತಪ್ಪಿದ ಸಾಲೇ ಟ್ರೇಸ್‌ಬ್ಯಾಕಿನಲ್ಲಿ ಮುಖ ತೋರಿಸುತ್ತದೆ. ರೂಬಿಯ ಇವಾಲ್‌ಗಂತೂ ಹೆಸರು, ಸಾಲಿನ ಸಂಖ್ಯೆ ಎರಡನ್ನೂ ಹೇಳಿ ಕಳಿಸಬಹುದು.

ಇಷ್ಟಾಗಿ ತಪ್ಪು ಸಿಕ್ಕಿತೆಂದು ಆ ಸಾಲನ್ನೇ ತಿದ್ದಲು ಹೊರಡಬೇಡಿ. ಮುಂದಿನ ಸಲ ರನ್ ಮಾಡಿದಾಗ ಜನರೇಟರ್ ಅದೇ ತಪ್ಪನ್ನು ಅಷ್ಟೇ ಶ್ರದ್ಧೆಯಿಂದ ಬರೆದಿಡುತ್ತದೆ. ತಿದ್ದಬೇಕಾದ್ದು ಬರೆದದ್ದನ್ನಲ್ಲ, ಬರೆಸಿದ್ದನ್ನು.