ಫಲಮರೀಚಿಕಾ ಯವಸುರೆ: ಒಂದು ಲಘುಮೀಮಾಂಸೆ

ಜವೆಗೋಧಿಯನ್ನು ಮೊಳಕೆ ಬರಿಸಿ, ಒಣಗಿಸಿ, ಕುದಿಸಿ, ಹಾಪ್ಸ್ ಎಂಬ ಲತಾಪುಷ್ಪದ ಕಹಿಯನ್ನು ಕೂಡಿಸಿ, ಯೀಸ್ಟಿನ ಅನುಗ್ರಹದಿಂದ ಹುಳಿಯಿಸಿ, ಅನಂತರ ಮಾವಿನ ತಿರುಳನ್ನೂ ಮೆಣಸಿನಕಾಯಿಯನ್ನೂ ಬೆರೆಸಿ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ನೀಡಲಾಗುವ ದ್ರವವಿಶೇಷವೇ ಪ್ರಸ್ತುತ ಪ್ರಬಂಧದ ವಸ್ತುವಾಗಿದ್ದು, ಅದನ್ನು ಕುಡಿಯುವುದಕ್ಕೆ ಮುನ್ನ ವ್ಯಾಖ್ಯಾನಿಸತಕ್ಕದ್ದೆಂಬುದು ಈ ಸಂಪ್ರದಾಯದ ಪ್ರಥಮ ವಿಧಿ. ಜವೆ, ಹಾಪ್ಸ್, ನೀರು ಇವು ಮೂರನ್ನುಳಿದು ಬೇರೇನನ್ನೂ ಬಿಯರಿಗೆ ಸೇರಿಸಕೂಡದೆಂದು ಬವೇರಿಯಾದ ಪ್ರಭುಗಳು 1516ರಲ್ಲಿ ಕಟ್ಟಳೆ ಹೊರಡಿಸಿದ್ದುಂಟು. ಅದನ್ನು ಪೂರ್ವಪಕ್ಷವಾಗಿ ದಾಖಲಿಸಿ ಮುನ್ನಡೆಯುತ್ತೇನೆ.

ಪಾನಕ್ರಿಯೆಯು ನೇತ್ರಾಸ್ವಾದ, ಘ್ರಾಣಾಸ್ವಾದ, ಜಿಹ್ವಾಸ್ವಾದ, ಕಂಠದಾಹ, ಪಶ್ಚಾತ್ತಾಪ ಎಂದು ಪಂಚವಿಧ. ಅಮೆರಿಕದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂನವರು ಒಟ್ಟು 50 ಅಂಕಗಳಲ್ಲಿ ಪರಿಮಳಕ್ಕೆ 12, ರೂಪಕ್ಕೆ 3, ರುಚಿಗೆ 20, ಬಾಯಿಯ ಸ್ಪರ್ಶಕ್ಕೆ 5, ಸಮಗ್ರಾನುಭವಕ್ಕೆ 10 ಎಂದು ಹಂಚಿರುತ್ತಾರೆ. ಹಾಗಾದರೆ ಖಾರವು ಯಾವ ಖಾತೆಗೆ ಜಮೆಯಾಗತಕ್ಕದ್ದು? ನಮ್ಮ ಪೂರ್ವಿಕರು ಅದನ್ನು ಷಡ್ರಸಗಳಲ್ಲೊಂದೆಂದು ಗೌರವಿಸಿದ್ದರು. ಆದರೆ 43 ಡಿಗ್ರಿ ಸೆಲ್ಸಿಯಸ್ ಸುಮಾರಿನ ಬಿಸಿಗೆ ಎಚ್ಚರಗೊಳ್ಳುವ ನರಗ್ರಾಹಿಯನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕುತ್ತದೆಂದು ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿಕೊಟ್ಟ ಮೇಲೆ, ಖಾರವು ರಸಪದವಿಯಿಂದ ಇಳಿದು ಬರಿಯ ವೇದನೆಯಾಯಿತು. ಆದಕಾರಣ ಬಾಯಿ ಹೊತ್ತಿ ಉರಿದರೂ ಅದು ಆ ಐದಂಕದ ಸ್ಪರ್ಶದೊಳಗೇ ಉರಿಯತಕ್ಕದ್ದು.

ನಾನು ಹೊಕ್ಕ ಅಂಥದೊಂದು ಮೈಕ್ರೋಬ್ರೂವರಿಯಲ್ಲಿ ಆಸ್ವಾದವನ್ನು ಬೋಧಿಸಲು ನಿಯುಕ್ತನಾಗಿದ್ದ ತರುಣನು ಲೋಟವನ್ನು ಗಿರ್ರನೆ ತಿರುಗಿಸಿ, ಮೂಗನ್ನು ನೊರೆಯವರೆಗೆ ಇಳಿಸಿ, ಕಣ್ಮುಚ್ಚಿ, "ನಾಲಗೆಯ ಮಧ್ಯದಲ್ಲಿ ಹಣ್ಣಿಗೂ ಮೆಣಸಿಗೂ ಒಂದು ಸಂವಾದ ನಡೀತಿದೆ, ಗಮನಿಸಿ ಸರ್" ಎಂದನು. ಗಮನಿಸಿದೆ, ನಡೆಯುತ್ತಿದ್ದುದು ಜಗಳ. ಈ ಜಗಳವು ಸದ್ಯೋದಾಹಿ, ವಿಲಂಬಿತದಾಹಿ, ಪ್ರಚ್ಛನ್ನದಾಹಿ ಎಂದು ಮೂರು ತೆರ, ಪ್ರತಿಯೊಂದೂ ಫಲಪ್ರಧಾನ, ಮರೀಚಿಕಾಪ್ರಧಾನ, ಉಭಯಭ್ರಷ್ಟ ಎಂದು ಮತ್ತೆ ಮೂರು, ಅವುಗಳ ಅವಾಂತರಭೇದಗಳಾದರೋ... ಇರಲಿ, ಸಾಕು.

ಸಾಕೆನಿಸಿದ್ದು ಗೋಡೆಯ ಕರಿಹಲಗೆಯನ್ನು ಓದಿದಾಗ. ಹಾಪ್ಸಿನ ತಳಿ ಸಿಟ್ರಾ, ಅದು ಬೆಳೆದದ್ದು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ, ಯೀಸ್ಟಿನ ಕುಲಗೋತ್ರವಿಂಥದು ಎಂದೆಲ್ಲ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದ ಆ ಹಲಗೆಯ ಮೇಲೆ ಮಾವು ಬರಿಯ 'ಮ್ಯಾಂಗೋ', ಮೆಣಸಿನಕಾಯಿ ಬರಿಯ 'ಚಿಲ್ಲಿ'. ಯಾವ ಮಾವು, ಎಲ್ಲಿಯದು ಎಂದು ಕೇಳಿದರೆ, "ಪಲ್ಪ್ ಸರ್, ಡಬ್ಬದಲ್ಲಿ ಬರುತ್ತೆ" ಎಂಬ ಉತ್ತರ! ಸಮುದ್ರದಾಚೆಯ ಕಣಿವೆಯನ್ನು ನೊರೆಯಲ್ಲೇ ಮೂಸಿ ಹಿಡಿಯಬಲ್ಲ ಮೂಗಿಗೆ ಪಕ್ಕದ ಕೋಲಾರ ಜಿಲ್ಲೆಯ ಮಾವಿನ ಸೀಮೆಯಾದ ಶ್ರೀನಿವಾಸಪುರ ತಾಲ್ಲೂಕು ನಾರುವುದಿಲ್ಲವೇ? 2011ರಲ್ಲಿ ಭೌಗೋಳಿಕ ಸೂಚಕದ (ಜಿ.ಐ.) ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದುದೇ ಹೊರತು ಉರಿಗಲ್ಲವೆಂಬುದನ್ನು ನಮ್ಮ ಅಡುಗೆಮನೆಯ ಯಾವ ಹೆಂಗಸೂ ಕೋಷ್ಟಕ ನೋಡಿ ಹೇಳುವುದಿಲ್ಲ. ರಸ್ತೆಯಂಚಿನ ಗಾಡಿಯವನು ಗಿಣಿಮೂತಿ ಮಾವಿನಕಾಯಿಯನ್ನು ಸೀಳಿ, ಸೀಳಿನೊಳಕ್ಕೆ ಹೆಬ್ಬೆರಳಿನಿಂದ ಉಪ್ಪುಖಾರ ತಿಕ್ಕಿ ಕೊಡುವಾಗ ಯಾವ ಸಂವಾದವನ್ನೂ ಸಾರುವುದಿಲ್ಲ. ಅವನನ್ನು ಕೇಳಿದರೆ ಕಾಯಿ ಯಾವ ಮಂಡಿಯಿಂದ ಬಂತೆಂಬುದನ್ನಾದರೂ ಹೇಳುತ್ತಾನೆ. ತಿರುಳು ತೆಗೆಯುವ ಕಾರ್ಖಾನೆಗಳು ಬೆಲೆ ಇಳಿಸಿದ ವರ್ಷಗಳಲ್ಲಿ ಅದೇ ಕಾಯನ್ನು ರೈತರು ಲೋಡುಗಟ್ಟಲೆ ರಸ್ತೆಗೆ ಸುರಿದು ಹೋದುದುಂಟು; ಆ ವಾಸನೆಗೆ ಆಸ್ವಾದಕರು ಇನ್ನೂ ಹೆಸರಿಟ್ಟಿಲ್ಲ.

ಆದುದರಿಂದ ನನ್ನ ಸಿದ್ಧಾಂತವಿಷ್ಟೆ: ಆ ಕೋಷ್ಟಕಕ್ಕೆ ಐವತ್ತೊಂದನೆಯ ಅಂಕವೊಂದು ಕೂಡಬೇಕು, ಮತ್ತು ಇದು ಯಾರ ತೋಟದ ಕಾಯಿ ಎಂದು ಹಲಗೆಯ ಮೇಲೆ ಬರೆದ ಅಂಗಡಿಗಲ್ಲದೆ ಅದು ಬೇರಾರಿಗೂ ಸಲ್ಲಕೂಡದು.